ಕೆಂಪು ಗೆರೆಯ ಜೇಡನ ಊರಿನಲ್ಲಿ

ಚನ್ನರಾಯಪಟ್ಟಣ

ನಾನು ಕೆಲಸ ಮಾಡುವ ನಾರಿನ ಕಾರ್ಖಾನೆ ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿಗೆ ಹೋಗುವ ದಾರಿಯಲ್ಲಿದೆ. ತೆಂಗಿನ ಸಿಪ್ಪೆ ಬಡಿದು, ನಾರು ತೆಗೆದು, ಹುರಿ ಹೊಸೆದು, ಆ ಹುರಿಯಿಂದ ಅಗಲ ಕಣ್ಣಿನ ಚಾಪೆ ನೇಯುತ್ತೇವೆ. ಮಣ್ಣು ಜಾರುವ ಇಳಿಜಾರಿನಲ್ಲಿ ಈ ಚಾಪೆ ಹಾಸಿ ಗೂಟ ಹೊಡೆದರೆ, ಹುಲ್ಲು ಬೇರು ಬಿಡುವವರೆಗೂ ಅದು ಮಣ್ಣನ್ನು ಹಿಡಿದುಕೊಂಡಿರುತ್ತದೆ. ಆಮೇಲೆ ತಾನೂ ಕೊಳೆತು ಮಣ್ಣಾಗುತ್ತದೆ. ಮಗ್ಗದ ಹೆಂಗಸರ ಹಾಜರಿ, ಚಾಪೆಯ ಅಳತೆ, ಲಾರಿಗೆ ಲೋಡು ಮಾಡಿಸುವುದು, ಇವೆಲ್ಲ ನನ್ನ ಕೆಲಸ. ಗೊರೂರಿನ ಕಡೆ ನಾಲೆಯ ಏರಿಗೆ ಚಾಪೆ ಹಾಸುವ ಕೆಲಸ ಸಿಕ್ಕಾಗ ಎರಡು ತಿಂಗಳು ಬಿಸಿಲಲ್ಲಿ ನಿಂತು ಗೂಟ ಹೊಡೆಸಿದವಳೂ ನಾನೇ.

ನ್ಯೂಜಿಲೆಂಡಿನ ಒಂದು ಸಣ್ಣ ಕಡಲೂರಿನಿಂದ ನಮಗೆ ಆರ್ಡರ್ ಬಂತು. ಅಲ್ಲಿ ಕಡಲ ದಂಡೆಯ ಮರಳು ದಿಬ್ಬದ ಹಿಂದೆ ಹೊಸ ಬಡಾವಣೆ ಏಳುತ್ತಿತ್ತು. ಗಾಳಿಗೆ ಮರಳು ಹಾರಿ ಹೊಸ ರಸ್ತೆಯ ಮೇಲೆ ಬೀಳುತ್ತದೆ, ದಿಬ್ಬಕ್ಕೆ ಚಾಪೆ ಹಾಸಬೇಕು, ಹಾಸುವುದು ಗೊತ್ತಿರುವ ಒಬ್ಬರನ್ನು ಕಳಿಸಿಕೊಡಿ ಎಂದು ಅಲ್ಲಿನ ಪುರಸಭೆಯವರು ಬರೆದಿದ್ದರು. ಮೊದಲ ಕಂತಿನ ಚಾಪೆ ಹಡಗಿನಲ್ಲಿ ಹೋಗಿತ್ತು. ಹಾಸಿದ್ದು ಚೆನ್ನಾಗಿ ಕಂಡರೆ ಅದರ ಎರಡರಷ್ಟು ಮತ್ತೆ ತರಿಸಿಕೊಳ್ಳುತ್ತೇವೆ ಎಂದೂ ಇತ್ತು.

ಹೋಗಬೇಕಾದವರು ಮಾಲೀಕರಾದ ಪುಟ್ಟೇಗೌಡರು. ಅವರಿಗೆ ಮಂಡಿನೋವು.

"ಈ ಮಂಡಿ ಇಟ್ಕಂಡು ನಾನ್ ಎಲ್ಲಿಗೆ ಓಗ್ಲವ್ವ? ನೀನೇ ಓಗ್ಬುಟ್ಟು ಬಾ. ಇಂಗ್ಲೀಸು ಬತ್ತದೆ, ಗೂಟ ಒಡೆಯದೂ ಗೊತ್ತು," ಅಂದರು.

ಹೊಳೆನರಸೀಪುರದಲ್ಲಿರುವ ಅವ್ವನಿಗೆ ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು. "ಅಲ್ಲೂ ಮುದ್ದೆ ಸಿಕ್ತದಾ ಗೌತಮಿ?" ಸಿಗುವುದಿಲ್ಲ ಎಂದು ಮೂರು ಕೆಜಿ ರಾಗಿಹಿಟ್ಟು ಕಟ್ಟಿಕೊಟ್ಟಳು.

ವಿಮಾನ ನಿಲ್ದಾಣ

ಆ ದೇಶದವರಿಗೆ ಹೊರಗಿನ ಮಣ್ಣು, ಬೀಜ, ಹುಳ ಎಂದರೆ ಬಹಳ ಭಯ. ವಿಮಾನದಲ್ಲೇ ಒಂದು ಫಾರಂ ಕೊಟ್ಟಿದ್ದರು. ಹೊಲಗದ್ದೆಯಲ್ಲಿ ಹಾಕಿಕೊಂಡ ಬೂಟು ಇದೆಯೇ ಎಂಬ ಪ್ರಶ್ನೆಗೆ ನಾನು ಹೌದು ಎಂದು ಗುರುತು ಹಾಕಿದ್ದೆ. ಇಳಿದ ಮೇಲೆ ನನ್ನನ್ನು ಬೇರೆ ಸಾಲಿಗೆ ಕಳಿಸಿದರು. ಖಾಕಿ ಅಂಗಿಯ ಅಧಿಕಾರಿಯೊಬ್ಬ ರಾಗಿಹಿಟ್ಟಿನ ಪೊಟ್ಟಣ ಮೂಸಿ ನೋಡಿ, ಇನ್ನೊಬ್ಬನನ್ನು ಕರೆದು ಅವನಿಗೂ ಮೂಸಿಸಿ, ಹಿಟ್ಟಾಗಿ ಬೀಸಿದ್ದರಿಂದ ತೊಂದರೆಯಿಲ್ಲ ಎಂದು ವಾಪಸ್ಸು ಕೊಟ್ಟ. ಹುರುಳಿಕಾಳನ್ನು ಮಾತ್ರ ತೆಗೆದುಕೊಂಡ. ಆಮೇಲೆ ಬೂಟು ಎತ್ತಿ ಅಡಿ ನೋಡಿದ. ಗೊರೂರಿನ ನಾಲೆಯ ಮಣ್ಣು ಇನ್ನೂ ಒಣಗಿ ಅಂಟಿಕೊಂಡಿತ್ತು.

ಅವನು ಬೂಟು ಹಿಡಿದುಕೊಂಡು ಒಳಗೆ ಹೋದ. ದಂಡ ಹಾಕುತ್ತಾನೆ ಎಂದು ನಾನು ಹೆದರಿ ನಿಂತಿದ್ದೆ. ಹತ್ತು ನಿಮಿಷದ ನಂತರ ಎರಡೂ ಬೂಟನ್ನು ಬ್ರಷ್ಷಿನಿಂದ ಉಜ್ಜಿ, ತೊಳೆದು, ಒಂದು ಕವರಿನಲ್ಲಿ ಹಾಕಿ ತಂದುಕೊಟ್ಟ. "ಒದ್ದೆಯಾಗಿದೆ, ಕ್ಷಮಿಸಿ," ಅಂದ.

ನಮ್ಮಪ್ಪ ಚಿಕ್ಕವರಿದ್ದಾಗ ಊರ ಮೇಲಿನ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರು. ಸರ್ಕಾರದ ನೌಕರನೊಬ್ಬ ಅವರ ಮಗಳ ಬೂಟು ತೊಳೆದುಕೊಟ್ಟ ಎಂದು ಹೇಳೋಣವೆಂದರೆ ಅವರು ಬದುಕಿರಲಿಲ್ಲ. ಕವರು ಹಿಡಿದು ಅಲ್ಲೇ ಕುರ್ಚಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಬಸ್ಸು ಹುಡುಕಲು ಹೋದೆ.

ಆ ಬಸ್ಸಿನಲ್ಲಿ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ಅಜ್ಜಿಯರು, ಶಾಲೆಯ ಮಕ್ಕಳು, ಕಿವಿಗೆ ತಂತಿ ಸಿಕ್ಕಿಸಿಕೊಂಡವರು, ಯಾರೂ ಬಿಡಲಿಲ್ಲ. ಅವನು ಕನ್ನಡಿಯಲ್ಲೇ ಕೈಯೆತ್ತುತ್ತಿದ್ದ. ಚನ್ನರಾಯಪಟ್ಟಣದ ಬಸ್ಸಿನಲ್ಲಿ ನಾವು ಇಳಿಯುವ ಹೊತ್ತಿಗೆ ಕಂಡಕ್ಟರ್ "ಬೇಗ ಇಳೀರಿ, ಬೇಗ" ಎಂದು ತಗಡು ಬಡಿಯುತ್ತಿರುತ್ತಾನೆ, ಚಿಲ್ಲರೆ ಬಾಕಿ ಉಳಿಯದಿದ್ದರೆ ಅದೇ ಪುಣ್ಯ. ನನ್ನ ಸರದಿ ಬಂದಾಗ ನಾನೂ ಥ್ಯಾಂಕ್ಸ್ ಅಂದೆ. ಅವಸರದಲ್ಲಿ ಒಂದು ನಿಲ್ದಾಣ ಮೊದಲೇ ಇಳಿದುಬಿಟ್ಟಿದ್ದೆ. ಪೆಟ್ಟಿಗೆ ಎಳೆದುಕೊಂಡು ಕಡಲ ಗಾಳಿಯಲ್ಲಿ ಒಂದು ಮೈಲಿ ನಡೆದೆ. ದಾರಿಯಲ್ಲಿ ಟೋಪಿ ಹಾರಿಹೋಯಿತು.

ಮೆರೆಯ ಮನೆ

ನನಗೆ ಉಳಿಯಲು ಗೊತ್ತುಮಾಡಿದ್ದು ಮೆರೆ ಎಂಬಾಕೆಯ ಮನೆಯಲ್ಲಿ. ಎಪ್ಪತ್ತು ದಾಟಿದ ಮಾವೋರಿ ಹೆಂಗಸು, ಅಂದರೆ ಬಿಳಿಯರು ಬರುವ ಮೊದಲಿನಿಂದಲೂ ಅಲ್ಲೇ ಇರುವ ಜನ. ಆಕೆ ಆ ಊರಿನಲ್ಲಿ ಮೂವತ್ತು ವರ್ಷ ಸೈಕಲ್ಲಿನ ಮೇಲೆ ಟಪಾಲು ಹಂಚಿದ್ದಳಂತೆ. ಈಗಲೂ ಕಾಲು ಗಟ್ಟಿ. ಬಾಗಿಲಲ್ಲೇ ಚಪ್ಪಲಿ ಬಿಡುವ ಮನೆ. ಅದನ್ನು ನೋಡಿ, ಇನ್ನು ನನಗೆ ಇಲ್ಲಿನ ರೀತಿನೀತಿ ಕಷ್ಟವಾಗದು ಅಂದುಕೊಂಡೆ.

ಮೊದಲ ದಿನವೇ ಎರಡು ತಪ್ಪು ಮಾಡಿದೆ. ಒಳಗೆ ಹೋದವಳು ಬ್ಯಾಗನ್ನು ಊಟದ ಮೇಜಿನ ಮೇಲಿಟ್ಟೆ. ಮೆರೆ ಎತ್ತಿ ಕೆಳಗಿಟ್ಟಳು. ಸಂಜೆ ನನ್ನ ಬಟ್ಟೆಗಳ ಜೊತೆಗೆ ಪಾತ್ರೆ ಒರೆಸುವ ಬಟ್ಟೆಯನ್ನೂ ಮೆಷಿನ್ನಿಗೆ ಹಾಕಿದೆ. ಆಗ ಮಾತ್ರ ಆಕೆ ಅಡುಗೆಮನೆಯಿಂದ ಓಡಿಬಂದಳು. ಊಟಕ್ಕೆ ಸೇರಿದ್ದು, ಮೈಗೆ ಸೇರಿದ್ದು ಒಟ್ಟಿಗೆ ಸೇರಬಾರದು ಎಂಬುದು ಅವರ ನೇಮ.

"ನಮ್ಮ ಅವ್ವನೂ ಹೀಗೇ ಬೈತಿದ್ಲು," ಅಂದೆ.

"ಹಾಗಾದರೆ ನಿನಗೆ ಗೊತ್ತಿರಬೇಕಿತ್ತಲ್ಲ," ಅಂದಳು ಮೆರೆ. ನಗಲಿಲ್ಲ. ಆದರೆ ರಾತ್ರಿ ಊಟಕ್ಕೆ ಮುದ್ದೆ ತೊಳಸಿದಾಗ ಬಹಳ ನಕ್ಕಳು. ಅಗಿಯಬಾರದು, ನುಂಗಬೇಕು ಎಂದು ನಾನು ಹೇಳಿದಷ್ಟೂ ಅಗಿದಳು. ಹಲ್ಲಿಗೆಲ್ಲ ಅಂಟಿಸಿಕೊಂಡು, ಇದನ್ನು ದಿನಾ ತಿನ್ನುತ್ತೀರಾ ಎಂದು ಕೇಳಿದಳು.

ಆಕೆಯ ನಡುಮನೆಯ ಗೋಡೆಯ ಮೇಲೆ ಬಂಗಾರದ ಬಣ್ಣದ ಒಂದು ಚಾಪೆ ತೂಗುಹಾಕಿತ್ತು. ಬಣ್ಣ ಹಾಕಿದ್ದಲ್ಲ. ಮರಳು ದಿಬ್ಬದಲ್ಲಿ ಬೆಳೆಯುವ ಪಿಂಗಾವ್ ಎಂಬ ಹುಲ್ಲು ಒಣಗಿದರೆ ಆ ಬಣ್ಣಕ್ಕೆ ಬರುತ್ತದಂತೆ. ನೇಯ್ದವಳು ಆಕೆಯ ಅಜ್ಜಿ. ನಾನು ಬೆರಳಿನಿಂದ ಮುಟ್ಟಿ ಹೆಣಿಗೆ ನೋಡಿದೆ. ಒಂದು ಎಳೆಯೂ ಸಡಿಲವಿರಲಿಲ್ಲ. ನಮ್ಮ ಚಾಪೆಯ ತುಂಡೊಂದನ್ನು ತೋರಿಸಿದೆ. ಆಕೆ ಎಳೆದು, ಜಗ್ಗಿ, ಮೂಸಿ ನೋಡಿ, "ಒಳ್ಳೆ ಕೈ," ಅಂದಳು. ಅದು ಅರಕಲಗೂಡಿನಿಂದ ಮದುವೆಯಾಗಿ ಬಂದು ನಮ್ಮಲ್ಲಿ ಮಗ್ಗಕ್ಕೆ ಕೂತ ಜಯಮ್ಮನ ಕೈ. ಆ ಮಾತನ್ನು ಫೋನಿನಲ್ಲಿ ಜಯಮ್ಮನಿಗೆ ತಪ್ಪದೆ ತಿಳಿಸಿದೆ.

ದಿಬ್ಬದ ಮೇಲೆ, ಮೊದಲ ದಿನ

ಪುರಸಭೆಯ ಇಂಜಿನಿಯರ್ ಕ್ರೇಗ್ ನನ್ನನ್ನು ದಿಬ್ಬಕ್ಕೆ ಕರೆದುಕೊಂಡು ಹೋದ. ಜನವರಿ ತಿಂಗಳು. ನಮ್ಮಲ್ಲಿ ಅವರೆಕಾಯಿಯ ಚಳಿ, ಅಲ್ಲಿ ಕೆಟ್ಟ ಬಿಸಿಲು. ಬಿಸಿಲಲ್ಲಿ ಹುಟ್ಟಿ ಬೆಳೆದವಳು ನಾನು, ಮೆರೆ ಕೊಟ್ಟ ಕ್ರೀಮು ಹಚ್ಚಿಕೊಂಡಿರಲಿಲ್ಲ. ಎರಡನೇ ದಿನಕ್ಕೆ ಮೂಗಿನ ಮೇಲಿನ ಚರ್ಮ ಸುಲಿಯಿತು.

ದಿಬ್ಬ ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೆ ಹಬ್ಬಿತ್ತು. ಉತ್ತರದ ತುದಿಗೆ ತಂತಿಬೇಲಿ ಇತ್ತು. ಅಲ್ಲಿ ಒಂದು ಅಪರೂಪದ ಜೇಡ ಇದೆ, ಕಾನೂನಿನ ರಕ್ಷಣೆ ಇರುವಂಥದ್ದು, ಆ ಕಡೆ ಹೋಗಬಾರದು ಎಂದು ಕ್ರೇಗ್ ಹೇಳಿದ. "ನೀವು ಕೆಲಸ ಮಾಡುವ ದಕ್ಷಿಣದ ಇಳಿಜಾರಿನಲ್ಲಿ ಅದು ಇಲ್ಲ. ಹಿಂದೆ ಒಬ್ಬರು ಬಂದು ನೋಡಿ ವರದಿ ಕೊಟ್ಟಿದ್ದಾರೆ." ದಕ್ಷಿಣದ ಇಳಿಜಾರಿನ ಹಿಂದೆಯೇ ಬಡಾವಣೆ. ಚಾಪೆ ಹಾಸಿ ಮರಳು ನಿಂತ ಮೇಲೆ ಅಲ್ಲಿ ಕಡಲಿಗೆ ಇಳಿಯುವ ದಾರಿ ಮತ್ತು ಕಾರು ನಿಲ್ಲಿಸುವ ಜಾಗ ಮಾಡುವವರಿದ್ದರು.

ಇಳಿಜಾರಿನ ತುಂಬ ಕಡಲು ತಂದು ಹಾಕಿದ ಮರದ ತುಂಡುಗಳು. ಬಿಸಿಲಿಗೆ ಬೆಳ್ಳಗೆ ಎಲುಬಿನಂತಾಗಿದ್ದವು. ನಡುವೆ ತುಕ್ಕು ಹಿಡಿದ ಡಬ್ಬ, ಬಾಟಲಿ, ಒಂದು ಹಳೇ ಶೂ. ಚಾಪೆ ನೆಲಕ್ಕೆ ಅಂಟಿ ಕೂರಬೇಕಾದರೆ ಅಡಿಯಲ್ಲಿ ಕಸಕಡ್ಡಿ ಇರಬಾರದು. ಗೊರೂರಿನಲ್ಲೂ ನನ್ನ ಮೊದಲ ಕೆಲಸ ಏರಿ ಗುಡಿಸುವುದೇ ಆಗಿತ್ತು. ಕ್ರೇಗ್ ಬಿಟ್ಟುಹೋದ ಇಬ್ಬರು ಕೆಲಸಗಾರರನ್ನು ಕಟ್ಟಿಕೊಂಡು, ಮಧ್ಯಾಹ್ನದ ಒಳಗೆ ಅರ್ಧ ಇಳಿಜಾರನ್ನು ಬಳಿದು ಚೊಕ್ಕಟ ಮಾಡಿದೆ. ಕಟ್ಟಿಗೆಯನ್ನೆಲ್ಲ ಎಳೆದು ಒಂದು ಕಡೆ ರಾಶಿ ಹಾಕಿಸಿದೆ. ಹಿಂದೆ ಸರಿದು ನೋಡಿದಾಗ ಮರಳು ಹಬ್ಬದ ದಿನದ ಅಂಗಳದ ಹಾಗೆ ಕಂಡಿತು. ನನಗೆ ನನ್ನ ಕೆಲಸದ ಮೇಲೆ ಹೆಮ್ಮೆಯಾಯಿತು.

ಮೆರೆ ನನಗೆ ಊಟದ ಡಬ್ಬಿ ತಂದಳು. ದಿಬ್ಬ ಹತ್ತಿ ಬಂದವಳು ರಾಶಿ ನೋಡಿ ಅಲ್ಲೇ ನಿಂತಳು. ಡಬ್ಬಿಯನ್ನು ಮರಳಿನ ಮೇಲಿಟ್ಟು, ರಾಶಿಯ ಬದಿಯಲ್ಲಿ ಮಂಡಿಯೂರಿ, ಒಂದು ಹಲಗೆಯನ್ನು ಮೆಲ್ಲಗೆ ತಿರುಗಿಸಿದಳು.

"ಬಾ ಇಲ್ಲಿ," ಅಂದಳು.

ಹಲಗೆಯ ಅಡಿಯಲ್ಲಿ ಹರಿದ ಬಲೆ ಜೋತಾಡುತ್ತಿತ್ತು. ನಮ್ಮ ಮನೆಯ ಮೂಲೆಯಲ್ಲಿ ಕಟ್ಟುವ ಚಕ್ರದಂಥ ಬಲೆಯಲ್ಲ, ಸಿಕ್ಕುಸಿಕ್ಕಾದ ನೂಲಿನಂಥದ್ದು. ಅದರಲ್ಲಿ ಕಡಲೆಕಾಳಿನ ಗಾತ್ರದ ಕೆನೆಬಣ್ಣದ ಎರಡು ಉಂಡೆ. ಪಕ್ಕದಲ್ಲಿ ಬಟಾಣಿಯಷ್ಟು ದಪ್ಪದ ಕಪ್ಪು ಜೇಡ, ಬೆನ್ನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ. ಅರ್ಧ ನಜ್ಜುಗುಜ್ಜಾಗಿತ್ತು.

"ಕಾತಿಪೊ," ಅಂದಳು ಮೆರೆ. "ರಾತ್ರಿ ಕಚ್ಚುವುದು ಎಂದು ಅರ್ಥ. ಕಚ್ಚುವುದೇನೋ ನಿಜ, ಆದರೆ ಅದಾಗಿ ಯಾರ ಮೇಲೂ ಬರುವುದಿಲ್ಲ. ಮುಟ್ಟಿದರೆ ಮುದುರಿ ಬಿದ್ದುಬಿಡುತ್ತದೆ. ಉಂಡೆಯೊಳಗೆ ಮೊಟ್ಟೆ. ಇಡೀ ಲೋಕದಲ್ಲಿ ಈ ದೇಶದ ಕಡಲ ದಂಡೆ ಬಿಟ್ಟರೆ ಬೇರೆಲ್ಲೂ ಇಲ್ಲ."

ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ಜೇಡಕ್ಕೆ ಎಂಟು ಕಾಲು ಎಂದು ಬರೆದು ಅಂಕ ತೆಗೆದುಕೊಂಡವಳು. ಬೆಳಗ್ಗಿನಿಂದ ನಾನು ಎಳೆದು ಎಸೆದ ಒಂದೊಂದು ಕಟ್ಟಿಗೆಯೂ ಅವುಗಳ ಮನೆಯಾಗಿತ್ತು. ಆ ಡಬ್ಬವೂ, ಆ ಹಳೇ ಶೂ ಕೂಡ. ಜನ ಕಸ ಎಂದು ಎತ್ತಿಕೊಂಡು ಹೋಗುವುದು, ಚಳಿಗೆ ಸೌದೆ ಎಂದು ಹೊತ್ತೊಯ್ಯುವುದು, ದಿಬ್ಬದ ಮೇಲೆ ಗಾಡಿ ಓಡಿಸುವುದು, ದಿಬ್ಬವನ್ನೇ ಸಮ ಮಾಡಿ ಮನೆ ಕಟ್ಟುವುದು, ಇದರಿಂದಲೇ ಅವು ಇಲ್ಲವಾಗುತ್ತಿರುವುದು ಎಂದು ಮೆರೆ ಹೇಳಿದಳು. ದಕ್ಷಿಣದಲ್ಲೂ ಇವೆ ಎಂದು ಆಕೆ ಎಷ್ಟೋ ಸಲ ಪುರಸಭೆಗೆ ಹೇಳಿದ್ದಳು. ಕಂಡಿದ್ದೇನೆ ಎಂಬ ಮಾತಿಗಿಂತ ವರದಿ ದೊಡ್ಡದಾಗಿತ್ತು.

ಆ ಮಧ್ಯಾಹ್ನವೆಲ್ಲ ನಾವಿಬ್ಬರೂ ರಾಶಿಯನ್ನು ಒಂದೊಂದೇ ತುಂಡಾಗಿ ಬಿಡಿಸಿದೆವು. ಮೊದಲಿನದೂ ಸೇರಿ ಸತ್ತವು ಎರಡು ಸಿಕ್ಕವು. ಮೂರನೆಯದು ಒಂದು ತೊಗಟೆಯ ಒಳಗೆ ಮುದುರಿಕೊಂಡಿತ್ತು. ಅದೂ ಹೋಯಿತು ಅಂದುಕೊಂಡು ನಾನು ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಅದು ಒಂದು ಕಾಲು ಚಾಚಿತು, ಆಮೇಲೆ ಇನ್ನೊಂದು. ಮೆರೆ ಆ ತೊಗಟೆಯನ್ನು ಹಾಗೇ ಎತ್ತಿಕೊಂಡು ಹೋಗಿ ಹುಲ್ಲಿನ ಬುಡದಲ್ಲಿಟ್ಟು ಬಂದಳು. ನನಗೆ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಫೋಟೋ ತೆಗೆದು, "ನಾನು ಇದನ್ನು ತಿಳಿಸಲೇಬೇಕು, ಗೌತಮಿ," ಅಂದಳು.

"ತಿಳಿಸಿ," ಅಂದೆ.

ಸಂಜೆಗೆ ಕ್ರೇಗ್ ಕೆಲಸ ನಿಲ್ಲಿಸಿದ.

ಮೂರನೇ ದಿನ, ಒಂದು ಕಾಗದ

ಬಡಾವಣೆ ಕಟ್ಟುವವರ ಕಡೆಯವನೊಬ್ಬ ಮೆರೆಯ ಮನೆಗೆ ಬಂದ. ನಯವಾದ ಮನುಷ್ಯ. ಶೂ ಬಾಗಿಲಲ್ಲೇ ಬಿಟ್ಟು ಬಂದ. ನಮ್ಮ ಚಾಪೆಯನ್ನು ಹೊಗಳಿದ. ನಿಮ್ಮ ಕೆಲಸ ನಿಂತದ್ದು ತನಗೂ ಬೇಸರ ಅಂದ. ಶುಕ್ರವಾರ ಪುರಸಭೆಯ ಸಭೆ ಇದೆ, ಅಲ್ಲಿಗೆ ಒಂದು ಸಣ್ಣ ಹೇಳಿಕೆ ಬೇಕು ಎಂದು ಕಾಗದ ಮುಂದಿಟ್ಟ.

ಅದರಲ್ಲಿ ಎರಡೇ ಸಾಲು ಇತ್ತು. ಇಂಥ ದಿನ ಬೆಳಗ್ಗೆ ದಕ್ಷಿಣದ ಇಳಿಜಾರಿನ ಅರ್ಧ ಭಾಗವನ್ನು ನಾನೇ ನಿಂತು ಸ್ವಚ್ಛ ಮಾಡಿಸಿದೆ, ಸ್ವಚ್ಛ ಮಾಡುವಾಗ ನನಗೆ ಒಂದು ಜೇಡವೂ ಕಾಣಲಿಲ್ಲ.

"ಇದರಲ್ಲಿ ಸುಳ್ಳೇನಾದರೂ ಇದೆಯೇ?" ಎಂದು ಕೇಳಿದ.

ಇರಲಿಲ್ಲ. ನನಗೆ ನಿಜಕ್ಕೂ ಕಂಡಿರಲಿಲ್ಲ.

ರಾಶಿಯಲ್ಲಿ ಸಿಕ್ಕಿದ್ದು ಎಲ್ಲಿಂದ ಬಂದ ಕಟ್ಟಿಗೆಯದೋ ಯಾರಿಗೆ ಗೊತ್ತು, ಉತ್ತರದ ಕಡೆಯಿಂದಲೂ ಬಂದಿರಬಹುದು ಎಂದು ಅವನು ವಿವರಿಸಿದ. ಮೆರೆ ಅಲ್ಲೇ ಇದ್ದಳು. ಕಾಗದ ಓದಿದಳು. ಒಗೆದ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಯೋಚಿಸಿ ಹೇಳುತ್ತೇನೆ ಎಂದು ಅವನನ್ನು ಕಳಿಸಿದೆ.

ಸಂಜೆ ಊರಿಗೆ ಫೋನು ಮಾಡಿದೆ. ಅಲ್ಲಿ ಬೆಳಗಿನ ಹತ್ತೂವರೆ, ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು. ಗೌಡರಿಗೆ ಎಲ್ಲ ಹೇಳಿದೆ.

"ನೀನ್ ಕಂಡಿಲ್ಲ ಅಂದ್ಮೇಲೆ ಕಂಡಿಲ್ಲ ಅಂತ ಬರ್ಕೊಡಕ್ಕೆ ಏನವ್ವ ಕಷ್ಟ?"

"ನಾನು ನೋಡ್ಲೇ ಇಲ್ಲ ಗೌಡ್ರೆ. ಅದಕ್ಕೇ ಕಾಣ್ಲಿಲ್ಲ."

"ಅದೇ ಬರಿ ಮತ್ತೆ. ಒಂದ್ ಜೇಡ್ರುಳಕ್ಕೆ ನಮ್ ಮಗ್ಗ ನಿಲ್ಸದಾ? ನಮ್ ತ್ವಾಟದ ಮನೇಲಿ ದಿನಾ ಪೊರಕೇಲಿ ಬಳೀತಾರೆ." ಆಮೇಲೆ ದನಿ ಇಳಿಸಿದರು. "ಯೋಚ್ನೆ ಮಾಡು. ನಿನ್ ನಂಬ್ಕಂಡು ಕಳ್ಸಿದೀನಿ ಕಣವ್ವ."

ಫೋನು ಜಯಮ್ಮನ ಕೈಗೆ ಹೋಯಿತು.

"ಅಕ್ಕಾ, ಆರ್ಡರ್ ಓಯ್ತದಂತಾ?"

"ಓದ್ರೂ ಓಗ್ಬೋದು ಜಯ."

"ಓದ್ರೆ ನಾವು ತಿರ್ಗ ಶುಂಠಿ ಕೆಲ್ಸಕ್ಕೇ ಓಗ್ಬೇಕು ಕಣಕ್ಕ. ಬೆಳಗಿಂದ ಸಂಜೆಗಂಟ ಬಗ್ಗಿ ಕೀಳಕ್ಕೆ ನನ್ ಸೊಂಟ ತಡಿಯಾಕಿಲ್ಲ." ಆಮೇಲೆ ಕೇಳಿದಳು. "ಅದು ಮೊಟ್ಟೆ ಇಟ್ಕಂಡಿತ್ತಾ?"

"ಇಟ್ಕೊಂಡಿತ್ತು."

"ಅಯ್ಯೋ," ಅಂದಳು.

ಶುಕ್ರವಾರ, ಸಭೆ

ಪುರಸಭೆಯ ಸಭಾಂಗಣ ನಮ್ಮ ಊರಿನ ಸಮುದಾಯ ಭವನದಷ್ಟಿತ್ತು. ಪ್ಲಾಸ್ಟಿಕ್ ಕುರ್ಚಿಗಳೂ ಅವೇ. ಬೇರೆಯಾಗಿದ್ದದ್ದೆಂದರೆ ಜನ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ತೆರೆಯದೆ ಕೂತಿದ್ದು. ಹೊಸ ಮನೆ ಬುಕ್ ಮಾಡಿದ್ದ ಒಬ್ಬ ನರ್ಸಮ್ಮ ಎದ್ದು, ಮನೆ ಸಿಗದೆ ತಾನು ಮಕ್ಕಳನ್ನು ಕಟ್ಟಿಕೊಂಡು ತಂಗಿಯ ಮನೆಯಲ್ಲಿದ್ದೇನೆ, ಜೇಡಕ್ಕೆ ಇರುವ ಕಾನೂನು ತನಗೆ ಏಕಿಲ್ಲ ಎಂದು ಕೇಳಿದಳು. ಅದೂ ನ್ಯಾಯದ ಮಾತೇ ಆಗಿತ್ತು. ಮೆರೆ ಎದ್ದು ಫೋಟೋ ತೋರಿಸಿದಳು. ಬಡಾವಣೆಯವನು ಎದ್ದು, ಸ್ವಚ್ಛ ಮಾಡಿದವರು ಇಲ್ಲೇ ಇದ್ದಾರೆ, ಅವರನ್ನೇ ಕೇಳಿ ಎಂದು ನನ್ನ ಕಡೆ ಕೈ ತೋರಿಸಿದ. ಕಾಗದ ನನ್ನ ಬ್ಯಾಗಿನಲ್ಲಿ ಸಹಿಯಿಲ್ಲದೆ ಇತ್ತು.

ಅಷ್ಟು ಜನರ ಮುಂದೆ ನಾನು ಇಂಗ್ಲಿಷಿನಲ್ಲಿ ಎಂದೂ ಮಾತಾಡಿದವಳಲ್ಲ. ಹಾಸನದ ಬ್ಯಾಂಕಿನಲ್ಲಿ ಮ್ಯಾನೇಜರ್ ಮುಂದೆಯೂ ಕನ್ನಡದಲ್ಲೇ ಮುಗಿಸುತ್ತೇನೆ. ಎದ್ದು ನಿಂತೆ.

"ಬೆಳಗ್ಗೆ ನನಗೆ ಒಂದೂ ಕಾಣಲಿಲ್ಲ, ಅದು ನಿಜ," ಅಂದೆ. "ನಾನು ಕಸ ನೋಡುತ್ತಿದ್ದೆ, ಜೇಡ ನೋಡುತ್ತಿರಲಿಲ್ಲ. ಆ ಕಟ್ಟಿಗೆಯೆಲ್ಲ ದಕ್ಷಿಣದ ಇಳಿಜಾರಿನದೇ. ಒಂದು ತುಂಡೂ ಬೇಲಿಯ ಕಡೆಯಿಂದ ಬರಲಿಲ್ಲ. ನಾನೇ ನಿಂತು ಎಳೆಸಿದ್ದು. ಸತ್ತ ಎರಡು ಜೇಡ ನನ್ನ ಕೈಯಿಂದಲೇ ಸತ್ತವು. ಅದಕ್ಕೆ ಶಿಕ್ಷೆ ಇದ್ದರೆ ನನಗೆ ಕೊಡಿ."

ಕೂರಬೇಕೋ ಬೇಡವೋ ತಿಳಿಯಲಿಲ್ಲ. ಅಧ್ಯಕ್ಷೆ, ಹಾಗಾದರೆ ರಸ್ತೆಯ ಮೇಲೆ ಬೀಳುವ ಮರಳಿಗೆ ಏನು ಮಾಡುವುದು ಎಂದು ನನ್ನನ್ನೇ ಕೇಳಿದಳು. ಅದು ನನಗೆ ಗೊತ್ತಿದ್ದ ವಿಷಯ.

ಆ ನಾಲ್ಕು ದಿನ ನಾನು ದಿಬ್ಬದ ಮೇಲೆ ಸುಮ್ಮನೆ ಓಡಾಡಿದ್ದೆ. ಮರಳು ಹಾರುತ್ತಿದ್ದದ್ದು ಇಡೀ ಇಳಿಜಾರಿನಿಂದಲ್ಲ. ರಸ್ತೆ ಮಾಡುವಾಗ ದಿಬ್ಬವನ್ನು ಕಡಿದ ಬದಿಯಿಂದ, ಜನ ತುಳಿದು ಮಾಡಿದ ಎರಡು ಕಾಲುದಾರಿಯಿಂದ. ಅಲ್ಲಿಗಷ್ಟೇ ಚಾಪೆ ಸಾಕು. ಉಳಿದ ಕಡೆ ಪಿಂಗಾವ್ ನೆಟ್ಟರೆ ಅದೇ ಹಿಡಿದುಕೊಳ್ಳುತ್ತದೆ. ಯೂರೋಪಿನಿಂದ ಯಾರೋ ಹಿಂದೆ ತಂದು ನೆಟ್ಟ ಹುಲ್ಲು ನಮ್ಮ ಹೊಲದ ಕಾಂಗ್ರೆಸ್ ಗಿಡದ ಹಾಗೆ ಒತ್ತಾಗಿ ಹಬ್ಬಿ, ಜೇಡಕ್ಕೆ ಬಲೆ ಕಟ್ಟಲೂ ಜಾಗ ಬಿಟ್ಟಿಲ್ಲ, ಅದನ್ನು ತೆಗೆಯಿರಿ. ಇಷ್ಟನ್ನು ಹೇಳಿ ಕೂತೆ. ನನ್ನ ಬಾಯಿಂದಲೇ ನಮ್ಮ ಆರ್ಡರನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿದ್ದೆ ಎಂಬುದು ಕೂತ ಮೇಲೆ ಹೊಳೆಯಿತು.

ದಕ್ಷಿಣದ ಇಳಿಜಾರನ್ನು ಹೊಸದಾಗಿ ಪರೀಕ್ಷೆ ಮಾಡಿಸುವವರೆಗೆ ಕಾರಿನ ಜಾಗ, ದಾರಿ ಎರಡೂ ನಿಲ್ಲಲಿ ಎಂದು ತೀರ್ಮಾನವಾಯಿತು. ಮನೆಗಳ ಕೆಲಸಕ್ಕೆ ತಡೆ ಬರಲಿಲ್ಲ. ಆ ನರ್ಸಮ್ಮ ಹೊರಗೆ ಹೋಗುವಾಗ ನನ್ನ ಭುಜ ಮುಟ್ಟಿ ಹೋದಳು. ನನ್ನ ಮೇಲೆ ಕೇಸು ಹಾಕಲಿಲ್ಲ. ಗೊತ್ತಿಲ್ಲದೆ ಆದದ್ದು ಎಂದು ಬರೆದುಕೊಂಡು, ಒಂದು ಎಚ್ಚರಿಕೆಯ ಪತ್ರ ಕೊಟ್ಟರು. ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಕಟ್ಟಿಗೆ ವಾಪಸ್ಸು

ಉಳಿದ ಐದು ದಿನ ಎರಡು ಕೆಲಸ ಮಾಡಿದೆ. ಬೆಳಗ್ಗೆ ಕ್ರೇಗ್ ಕಡೆಯವರಿಗೆ ರಸ್ತೆ ಬದಿಯಲ್ಲಿ ಚಾಪೆ ಹಾಸುವುದು, ಗೂಟವನ್ನು ಓರೆಯಾಗಿ ಹೊಡೆಯುವುದು ಕಲಿಸಿದೆ. ಮಧ್ಯಾಹ್ನ ಮೆರೆಯ ಜೊತೆ ಕಟ್ಟಿಗೆಗಳನ್ನು ಇಳಿಜಾರಿಗೆ ವಾಪಸ್ಸು ಹೊತ್ತೆ.

ಎಲ್ಲಿದ್ದದ್ದು ಎಲ್ಲಿಗೆ ಎಂದು ನನಗೆ ನೆನಪಿರಲಿಲ್ಲ. ಕಟ್ಟಿಗೆಯ ಯಾವ ಮೈ ನೆಲಕ್ಕೆ ತಾಗಿ ಕಪ್ಪಾಗಿದೆಯೋ ಅದನ್ನೇ ಕೆಳಗೆ ಮಾಡಿ ಇಡಬೇಕು, ಅಡಿಯಲ್ಲಿ ಒಂದು ಬೆರಳಷ್ಟು ಸಂದು ಬಿಡಬೇಕು ಎಂದು ಮೆರೆ ತೋರಿಸಿಕೊಟ್ಟಳು. ಡಬ್ಬಗಳನ್ನೂ ಇಟ್ಟೆವು. ದಂಡೆಯಲ್ಲಿ ನಾಯಿ ತಿರುಗಾಡಿಸುತ್ತಿದ್ದ ಒಬ್ಬ ಹತ್ತಿರ ಬಂದು, ಕಸ ಹಾಕುವುದಕ್ಕೆ ನಾಚಿಕೆಯಾಗುವುದಿಲ್ಲವೇ ಎಂದು ನನ್ನನ್ನು ಕೇಳಿದ. ಮೆರೆ ಅವನಿಗೆ ವಿವರಿಸುತ್ತಿದ್ದಾಗ ನಾನು ಆ ಹಳೇ ಶೂವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದೆ.

"ಆ ದಿನ ನೀವು ಬಟ್ಟೆ ಒಣಗಿಸಲು ಯಾಕೆ ಹೋದಿರಿ?" ಎಂದು ಒಂದು ಮಧ್ಯಾಹ್ನ ಕೇಳಿದೆ. "ಸಹಿ ಹಾಕಬೇಡ ಅಂತ ಒಂದು ಮಾತು ಹೇಳಬಹುದಿತ್ತು."

"ನಿನ್ನ ಊರಲ್ಲಿ ಮಗ್ಗಕ್ಕೆ ಕೂತ ಹೆಂಗಸರಿಗೆ ನಾನು ಏನಾಗಬೇಕು?" ಅಂದಳು ಮೆರೆ. "ಅವರ ಅನ್ನ ಹೋಗುತ್ತದೆ ಎಂದು ಗೊತ್ತಿತ್ತು. ಅದನ್ನು ಬಿಡು ಎಂದು ಹೇಳುವ ಹಕ್ಕು ನನಗಿರಲಿಲ್ಲ."

ಹೊರಡುವ ದಿನ ಆಕೆ ನನ್ನ ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿ ಬೀಳ್ಕೊಟ್ಟಳು. ಅವರಲ್ಲಿ ಅದು ಪದ್ಧತಿ, ಇಬ್ಬರ ಉಸಿರು ಒಂದಾಗಬೇಕಂತೆ. ಸುಲಿದ ಮೂಗು ಇನ್ನೂ ಉರಿಯುತ್ತಿತ್ತು. ಉಳಿದ ರಾಗಿಹಿಟ್ಟನ್ನು ಆಕೆಯ ಅಡುಗೆಮನೆಯಲ್ಲೇ ಬಿಟ್ಟು ಬಂದೆ.

ಮತ್ತೆ ಚನ್ನರಾಯಪಟ್ಟಣ

ಎರಡನೇ ಕಂತಿನ ಆರ್ಡರ್ ಬರಲಿಲ್ಲ. ಎರಡು ಮಗ್ಗ ನಿಂತವು. ನಾಲ್ಕು ಹೆಂಗಸರು ಶುಂಠಿ ಕೀಳಲು ಹೋದರು, ಅದರಲ್ಲಿ ಜಯಮ್ಮನೂ ಒಬ್ಬಳು. ಗೌಡರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಬಹಳ ದಿನ ಹಾಜರಿ ಪುಸ್ತಕದ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ.

ಒಂದು ಭಾನುವಾರ ಜಯಮ್ಮನ ಮನೆಗೆ ಹೋದೆ. ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಕೂತಿದ್ದಳು.

"ನೀನ್ ಅವತ್ತು ಒಂದ್ ಸೈನ್ ಆಕಿದ್ರೆ ನಾನ್ ಇಂಗ್ ಕೂರಂಗಿರ್ಲಿಲ್ಲ ಕಣಕ್ಕ," ಅಂದಳು.

"ಗೊತ್ತು."

"ಬೇಜಾರಿಂದ ಅಂದಿದ್ದಲ್ಲ. ಇದ್ದದ್ ಏಳ್ದೆ." ಕಾಫಿ ಕೊಟ್ಟಳು. ಕುಡಿದು ಬಂದೆ. ಮಳೆಗಾಲಕ್ಕೆ ಮುಂಚೆ ಕೆರೆ ಏರಿಯೊಂದರ ಕೆಲಸ ಸಿಕ್ಕಿತು. ಒಂದು ಮಗ್ಗ ಶುರುವಾಯಿತು. ಜಯಮ್ಮ ವಾಪಸ್ಸು ಬಂದಳು. ಉಳಿದ ಮೂವರು ಬರಲಿಲ್ಲ.

ಆ ಹೊತ್ತಿಗೆ ಮೆರೆಯ ಈಮೇಲ್ ಬಂತು. ಹೊಸ ಪರೀಕ್ಷೆಯಲ್ಲಿ ದಕ್ಷಿಣದ ಇಳಿಜಾರಿನಲ್ಲಿ ಕಾತಿಪೊ ಸಿಕ್ಕಿವೆ. ಆದರೆ ಬಡಾವಣೆಯವರು ಮೇಲಿನವರಿಗೆ ಅಪೀಲು ಹೋಗಿದ್ದಾರೆ. ನಾವು ಕಟ್ಟಿಗೆ ತಂದಿಟ್ಟ ಮೇಲೆ ಅವು ಬಂದಿವೆ, ಮೊದಲು ಇರಲಿಲ್ಲ ಎಂದು ಅವರ ವಾದ. ಅಂದು ಸಭೆಯಲ್ಲಿ ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡುವೆಯಾ ಎಂದು ಕೇಳಿದ್ದಳು. ಇಷ್ಟವಿಲ್ಲದಿದ್ದರೆ ಬೇಡ ಎಂದೂ ಇತ್ತು. ಜೊತೆಗೆ ಒಂದು ಫೋಟೋ, ಕಟ್ಟಿಗೆಯ ಅಡಿ, ಜೇಡ, ಒಂದು ಉಂಡೆ.

ಎರಡು ದಿನ ಕೂತು ಒಂದು ಪುಟ ಬರೆದೆ. ಕಾರ್ಖಾನೆಯ ಕೆಲಸಕ್ಕೆ ಹೋಗಿದ್ದಾಗ ನಡೆದದ್ದಾದ್ದರಿಂದ ಗೌಡರಿಗೆ ತಿಳಿಸದೆ ಕಳಿಸುವುದು ಸರಿಯಲ್ಲ ಅನ್ನಿಸಿತು. ಆಫೀಸಿನಲ್ಲಿ ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಇಂಗ್ಲಿಷು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಕೊನೆಯವರೆಗೂ ಓದಿದರು.

"ಫೋಟ ಐತಾ?"

ಮೊಬೈಲಿನಲ್ಲಿ ತೋರಿಸಿದೆ. ಬೆರಳಿನಿಂದ ದೊಡ್ಡದು ಮಾಡಿ ನೋಡಿದರು.

"ಇದೇನಾ?"

"ಇದೇ ಗೌಡ್ರೆ."

"ಇಷ್ಟೇನಾ ಇರಾದು?"

"ಇಷ್ಟೇ. ಬಟಾಣಿಯಷ್ಟು."

ಫೋನು ವಾಪಸ್ಸು ಕೊಟ್ಟು, ಕಿಟಕಿಯಾಚೆ ಸಿಪ್ಪೆ ಇಳಿಸುತ್ತಿದ್ದ ಟ್ರ್ಯಾಕ್ಟರ್ ನೋಡುತ್ತಾ ಕೂತರು. ನಾನು ಕಾಗದ ಎತ್ತಿಕೊಂಡು ಅವರೆದುರಿಗೇ ಸಹಿ ಹಾಕಿದೆ. ಕವರಿಗೆ ಹಾಕಲು ಮಡಿಸುತ್ತಿದ್ದಾಗ, "ತಡಿ," ಅಂದರು. ಮಂಡಿ ಹಿಡಿದುಕೊಂಡು ಎದ್ದು, ಬೀರುವಿನ ಮೇಲಿನ ಖಾನೆಯಿಂದ ಕಾರ್ಖಾನೆಯ ಸೀಲು, ಇಂಕಿನ ಪ್ಯಾಡು ತೆಗೆದು ಮೇಜಿನ ಮೇಲಿಟ್ಟರು.

"ಇದ್ನೂ ಒತ್ತವ್ವ," ಅಂದರು. "ಬರೀ ಸೈನ್ ಆದ್ರೆ ಯಾರೂ ನಂಬಾಕಿಲ್ಲ."